ಹಿರಿಯರಿಗೆ ಮಾತ್ರ ಪ್ರವೇಶ

ಕನ್ನಡದಲ್ಲಿ ಒಂದು ವಾಕ್ಯ ಬರೆಯಲು ನನಗೆ ಇನ್ನೊಬ್ಬರ ಸಹಾಯ ಬೇಕಿಲ್ಲ. ಇದನ್ನು ಜಂಬದಿಂದ ಹೇಳುತ್ತಿಲ್ಲ. ಸೇವಾ ಪುಸ್ತಕದ ಆಧಾರದ ಮೇಲೆ ಹೇಳುತ್ತಿದ್ದೇನೆ. ಮಾನ್ವಿಯ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಒಳಹೊಕ್ಕು ಶಿರಸ್ತೇದಾರನಾಗಿ ಹೊರಬಿದ್ದವನು ನಾನು. ಅಷ್ಟೂ ವರ್ಷ ಮಾಡಿದ್ದು ಒಂದೇ ಕೆಲಸ: ಜನ ಅಳುತ್ತಾ ಹೇಳಿದ್ದನ್ನು ಅಳು ಬಾರದ ಕನ್ನಡದಲ್ಲಿ ಬರೆಯುವುದು. ಒಮ್ಮೆ ಒಬ್ಬ ರೈತನ ಎಮ್ಮೆ ಸಿಡಿಲಿಗೆ ಸತ್ತಿತ್ತು. ಅರ್ಜಿ ನಾನೇ ಬರೆದು ಓದಿ ಹೇಳಿದೆ. ಆತ ಕಣ್ಣೊರೆಸಿಕೊಂಡು, "ನಮ್ಮೆಮ್ಮಿ ಇಷ್ಟು ದೊಡ್ಡ ಮನಷ್ಯಾ ಇತ್ತಂತ ನನಗೂ ಗೊತ್ತಿರ್ಲಿಲ್ಲ ಬಿಡ್ರಿ" ಅಂದ.

ಇಂತಹ ಕೈಗೆ ನಿವೃತ್ತಿಯ ನಂತರ ಸಿಕ್ಕಿದ್ದು ಅಡುಗೆಮನೆಯ ಡಬ್ಬಿಗಳ ಮೇಲೆ ಅಂಟಿಸುವ ಚೀಟಿ. "ಸದರಿ ಡಬ್ಬಿಯಲ್ಲಿ ಸಾಸಿವೆ ಇರುತ್ತದೆ" ಎಂದು ಬರೆದು ಅಂಟಿಸಿದೆ. ನನ್ನ ಹೆಂಡತಿ ಈರಮ್ಮ ಅದರಲ್ಲಿ ಜೀರಿಗೆ ತುಂಬಿದಳು. ಆಡಳಿತ ನನ್ನ ಕೈತಪ್ಪಿದೆ ಎಂಬುದು ಅಂದೇ ಖಚಿತವಾಯಿತು.

ನಮ್ಮ ಮಗಳು ರೇಣುಕಾ, ಈಗ ನಾವೆಲ್ಲ ಇರುವ ರಾಯಚೂರಿನ ಒಂದು ಚಿಕ್ಕ ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ. ಒಂದು ದತ್ತಿಯವರು ಹಳೆಯ ಬಂಗಲೆಯಲ್ಲಿ ನಡೆಸುವ ಸಂಸ್ಥೆ ಅದು. ಒಳಗೆ ನಾಣ್ಯಗಳು, ಗಡಿಗೆಯ ಚೂರುಗಳು, ಯಾವುದೋ ಕಾಲದ ದೊರೆಯೊಬ್ಬ ಹುಲ್ಲು ತುಂಬಿಸಿಟ್ಟ ಹಕ್ಕಿಗಳು. ಹೊರಗೆ ಬೇವಿನ ಮರಗಳ ತೋಟ. ಆ ತೋಟದಲ್ಲಿ ದೇವದುರ್ಗದ ಕಡೆಯ ಹೊಲಗಳಿಂದ ಎತ್ತಿ ತಂದು ಸಾಲಾಗಿ ನೆಟ್ಟ ವೀರಗಲ್ಲುಗಳು. ಮಾನ್ವಿಯ ಖಾಸಗಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮಗಳು ಆ ಕೆಲಸ ಬಿಟ್ಟು ಇಲ್ಲಿ ಗುತ್ತಿಗೆಯ ಮೇಲೆ ಸೇರಿದ್ದು ನನ್ನ ಸಲಹೆಯ ಮೇರೆಗೆ. "ಕಲ್ಲು ಎದುರು ಮಾತಾಡುವುದಿಲ್ಲ" ಎಂದಿದ್ದೆ. ನನ್ನ ಸಲಹೆಗಳೆಲ್ಲ ಕೇಳಲು ಚೆನ್ನಾಗಿರುತ್ತವೆ.

ಕಲ್ಲು ಎದುರು ಮಾತಾಡಲಿಲ್ಲ. ದತ್ತಿಯ ಕಾರ್ಯದರ್ಶಿ ಮಾತಾಡಿದರು. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಗದ್ದಲ ಮಾಡಿ ಹೋಗುವ ಜಾಗಕ್ಕೆ ಮೇಲ್ವಿಚಾರಕಿ ಯಾಕೆ, ಒಂದು ಬೀಗ ಸಾಕು ಎಂದು ಬೆಂಗಳೂರಿನಿಂದ ಬರೆದರು. ದೊಡ್ಡವರೂ ಬರುತ್ತಾರೆಂದು ತೋರಿಸಿದರೆ ಗುತ್ತಿಗೆ ಮುಂದುವರಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಕೀಲಿಕೈ ಒಪ್ಪಿಸಬೇಕು, ತಾವೇ ಬಂದು ನೋಡುವುದಾಗಿ ಒಕ್ಕಣೆ.

ರೇಣುಕಾ ಎರಡು ದಿನ ಊಟ ಬಿಟ್ಟು ಮೂರನೆಯ ದಿನ ಒಂದು ಯೋಜನೆಯೊಂದಿಗೆ ಎದ್ದಳು. ದೊಡ್ಡ ಊರುಗಳಲ್ಲಿ ಹೀಗೆ ಮಾಡುತ್ತಾರಂತೆ: ಒಂದು ಸಂಜೆ ಮಕ್ಕಳನ್ನು ಹೊರಗಿಟ್ಟು ದೊಡ್ಡವರಿಗಷ್ಟೇ ಬಾಗಿಲು ತೆರೆಯುವುದು. ಒಂದು ವಿಷಯ, ಅದರ ಸುತ್ತ ಸ್ವಲ್ಪ ವಿಜ್ಞಾನ, ಸ್ವಲ್ಪ ಕಲೆ. ಇವಳ ವಿಷಯ 'ಕತ್ತಲೆ'. ದುರ್ಬೀನಿನಲ್ಲಿ ಚುಕ್ಕಿ ನೋಡುವುದು, ದೀಪ ಇಟ್ಟು ಬಿಳಿ ಬಟ್ಟೆಯ ಮೇಲೆ ತಮ್ಮ ತಮ್ಮ ನೆರಳನ್ನು ಇದ್ದಲಿನಲ್ಲಿ ಬರೆಯುವುದು, ದೀಪದ ಬೆಳಕಿನಲ್ಲಿ ಕಲ್ಲಿನ ಕೆತ್ತನೆ ಓದುವುದು. ಚಂದ್ರ ಅಡ್ಡ ಬರಬಾರದೆಂದು ಅಮಾವಾಸ್ಯೆಯ ದಿನವನ್ನೇ ಗೊತ್ತು ಮಾಡಿದಳು.

"ದೊಡ್ಡೋರು ಸಾಲಿ ಬಿಟ್ಟಮ್ಯಾಲ ಒಂದು ಪ್ರಶ್ನಿ ಕೇಳಿರಂಗಿಲ್ಲ, ಯಪ್ಪಾ. ಮಕ್ಕಳ ಮುಂದ ಕೇಳಾಕ ನಾಚಿಕಿ. ಅದಕ್ಕ ಅವರಿಗೊಂದು ಸಂಜಿ ಬೇಕು," ಎಂದು ಒಂದು ಹಾಳೆ ಕೈಗಿಟ್ಟಳು. "ಕರಪತ್ರ ಬರದೀನಿ. ಕಾಗುಣಿತ ಅಷ್ಟ ನೋಡಿ ಪ್ರೆಸ್ಸಿಗೆ ಕೊಟ್ಟು ಬಾ."

ಕಾಗುಣಿತ ಅಷ್ಟ! ಸರದಾರನಿಗೆ ಕುದುರೆಯ ಲಾಯ ಗುಡಿಸಲು ಹೇಳಿದಂತಾಯಿತು.

ಹಾಳೆ ಓದಿದೆ. ಮೇಲೆ ದಪ್ಪ ಅಕ್ಷರದಲ್ಲಿ "ವಯಸ್ಕರಿಗೆ ಮಾತ್ರ" ಎಂದಿತ್ತು. ಈ ಎರಡು ಪದಗಳನ್ನು ನಮ್ಮ ತಲೆಮಾರಿನವರು ಒಂದೇ ಕಡೆ ಓದಿದ್ದೇವೆ: ಟಾಕೀಸಿನ ಗೋಡೆಯ ಮೇಲೆ, ಬೆಳಗಿನ ಆಟದ ಪೋಸ್ಟರಿನ ಮೂಲೆಯಲ್ಲಿ. ಚಿಕ್ಕವನಿದ್ದಾಗ ನಾನೂ ಒಮ್ಮೆ ತಲೆಗೆ ಟವೆಲ್ ಸುತ್ತಿಕೊಂಡು ಹೋಗಿ ಕತ್ತಲಲ್ಲಿ ಕುಳಿತಿದ್ದೆ. ದೀಪ ಹತ್ತಿದಾಗ ಪಕ್ಕದ ಕುರ್ಚಿಯಲ್ಲಿ ತಲೆಗೆ ಟವೆಲ್ ಸುತ್ತಿದ್ದವರು ನಮ್ಮ ಮುಖ್ಯೋಪಾಧ್ಯಾಯರು. ಮುಂದೆ ಆ ವರ್ಷವಿಡೀ ಅವರು ನನಗೆ ಒಂದು ಪ್ರಶ್ನೆ ಕೇಳಲಿಲ್ಲ. ಅಂತಹ ಪದಗಳು ನನ್ನ ಮಗಳ ಕರಪತ್ರದ ಮೇಲೆ! ಊರ ಪೋಲಿಗಳೆಲ್ಲ ಬಂದು ಚುಕ್ಕಿ ನೋಡುತ್ತಾರೆಯೇ?

ಆದುದರಿಂದ ಬೇರೆ ಪದ ಹುಡುಕಲು ಕುಳಿತೆ. 'ದೊಡ್ಡವರಿಗೆ ಮಾತ್ರ' ಎಂದರೆ ಶಾಸಕರು ಮಾತ್ರ ಬರುತ್ತಾರೆ. 'ಪ್ರೌಢರಿಗೆ ಮಾತ್ರ' ಎಂದರೆ ಪ್ರೌಢಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಾರೆ. 'ಪ್ರಾಪ್ತ ವಯಸ್ಕರು' ಎಂದರೆ ಹೊಲ ಮಾರಲು ಬಂದವರು. ನಡುಮಧ್ಯಾಹ್ನ ಪಂಖದ ಕೆಳಗೆ ಕುಳಿತು ಬೆವರುತ್ತಿದ್ದಾಗ ಸರಸ್ವತಿ ತಾನಾಗಿ ಒಲಿದಳು. ಹಿರಿಯರು! ಎಂತಹ ತೂಕದ ಪದ! ಎಂತಹ ಮರ್ಯಾದೆ!

ಒಮ್ಮೆ ಕೈ ಹತ್ತಿದ ಮೇಲೆ ಅಷ್ಟಕ್ಕೇ ನಿಲ್ಲುವುದು ನನ್ನ ಜಾಯಮಾನವಲ್ಲ. ದುರ್ಬೀನು, ನೆರಳು, ಇದ್ದಲು ಎಂಬ ಸಣ್ಣಪುಟ್ಟ ವಿವರಗಳನ್ನು ಹೊಡೆದು ಹಾಕಿ ಗಂಭೀರವಾಗಿ ಹೀಗೆ ಬರೆದೆ:

"ಅಮಾವಾಸ್ಯೆಯ ಸಂಜೆ ಹಿರಿಯರಿಗಾಗಿ ವಿಶೇಷ ಏರ್ಪಾಡು. ಸ್ಥಳ: ವಸ್ತುಸಂಗ್ರಹಾಲಯದ ವೀರಗಲ್ಲುಗಳ ತೋಟ. ಕತ್ತಲಾದ ಮೇಲೆ ದೀಪದ ವ್ಯವಸ್ಥೆ ಇರುತ್ತದೆ. ಹಿರಿಯರಿಗೆ ಮಾತ್ರ ಪ್ರವೇಶ. ಮಕ್ಕಳು ಹೊರಗೆ ನಿಲ್ಲತಕ್ಕದ್ದು."

ಪ್ರೆಸ್ಸಿನವನು ಅಕ್ಷರ ಜೋಡಿಸುತ್ತಾ ಒಮ್ಮೆ ನನ್ನ ಮುಖ ನೋಡಿ, "ಒಳ್ಳೇ ಕೆಲಸ ಮಾಡಾಕತ್ತೀರಿ ಬಿಡ್ರಿ, ಸರ. ಯಾರೂ ಮಾಡಿರ್ಲಿಲ್ಲ," ಎಂದ. ನಾನು ತಲೆಬಾಗಿ ಸ್ವೀಕರಿಸಿದೆ. ಬಸ್ ನಿಲ್ದಾಣದಲ್ಲಿ, ದೇವದುರ್ಗದ ಬಸ್ಸಿನಲ್ಲಿ, ಮಾನ್ವಿಯ ಬಸ್ಸಿನಲ್ಲಿ ನಾನೇ ಹತ್ತಿ ಇಳಿದು ಹಂಚಿದೆ. ಮಗಳಿಗೆ ಪ್ರತಿ ತೋರಿಸಲಿಲ್ಲ. ಅಚ್ಚರಿಗೊಳಿಸಬೇಕೆಂಬ ಆಸೆ ಇತ್ತು. ಆ ಆಸೆ ಈಡೇರಿತು.

ಆ ಅಮಾವಾಸ್ಯೆ ಬೆಳಿಗ್ಗೆ ಮನೆಯಲ್ಲಿ ಹೋಳಿಗೆಯ ವಾಸನೆ. ದಸರೆಯ ಹಿಂದಿನ ಆ ಅಮಾವಾಸ್ಯೆಗೆ ನಮ್ಮ ಕಡೆ ಮಾನಮಿ ಅಮಾಸಿ ಎನ್ನುತ್ತಾರೆ. ಅಂದು ತೀರಿಕೊಂಡ ಹಿರಿಯರಿಗೆ ಎಡೆ ಇಡುವುದು ಮನೆಮನೆಯ ಪದ್ಧತಿ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಎಡೆ ಇಡುವುದು ಈರಮ್ಮನ ಖಾತೆ, ಹೋಳಿಗೆ ತಿನ್ನುವುದು ನನ್ನ ಖಾತೆ. ಒಂದು ಖಾತೆಯ ಕಡತ ಇನ್ನೊಂದು ಖಾತೆಯವರು ತೆರೆದು ನೋಡುವ ಪರಿಪಾಠ ನಮ್ಮ ಕಚೇರಿಯಲ್ಲೂ ಇರಲಿಲ್ಲ.

ಈರಮ್ಮ ಮೂಲೆಯಲ್ಲಿ ಬಿದ್ದಿದ್ದ ಕರಪತ್ರ ಎತ್ತಿಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. "ಏನ್ರೀ, ಹಿರೇರಿಗೆ ಮಾತ್ರ ಅಂತ ಬರದೀರಲ್ಲ, ನಮ್ಮತ್ತಿ ಬರ್ತಾರೇನು?"

ನಮ್ಮ ತಾಯಿ ತೀರಿಕೊಂಡು ಬಹಳ ವರ್ಷವಾಯಿತು. ಆಕೆಯ ಮೇಲೆ ಈರಮ್ಮ ಆಡುವ ಕೊಂಕಿಗೆ ಮಾತ್ರ ಇನ್ನೂ ಆಯುಷ್ಯವಿದೆ. ಇದೂ ಅದರಲ್ಲಿ ಒಂದೆಂದು ತಿಳಿದು ನಾನು ಮೂರನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ.

ಸಂಜೆ ಐದೂವರೆಗೆ ತೋಟದ ಗೇಟಿನಲ್ಲಿ ಮೇಜು ಹಾಕಿಕೊಂಡು ಕುಳಿತೆ. ಮುಂದೆ ಹಾಜರಿ ಪುಸ್ತಕ. ಅದಕ್ಕೂ ನಾನೇ ಗೆರೆ ಹೊಡೆದು ಶೀರ್ಷಿಕೆ ಬರೆದಿದ್ದೆ: "ಆಗಮಿಸಿದ ಹಿರಿಯರ ಹೆಸರು", "ವಯಸ್ಸು". ಒಳಗೆ ರೇಣುಕಾ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸದ ಮೌಲಾಸಾಬ, ತಾನೇ ಗಾಜು ಉಜ್ಜಿ ಮಾಡಿದ ದುರ್ಬೀನನ್ನು ಕೂಸಿನಂತೆ ಅಪ್ಪಿಕೊಂಡು ಬಂದು, ಬಂಗಲೆಯ ಹಿಂದೆ ತೆರಪಿರುವ ಕಡೆ ನಿಲ್ಲಿಸುತ್ತಿದ್ದ. ಮೋಡ ಕವಿದು ಬಿಡುತ್ತಿತ್ತು. ಗಾಳಿ ಇರಲಿಲ್ಲ. ಬೇವಿನ ಎಲೆಗಳೂ ನಿಂತು ಯಾರನ್ನೋ ಕಾಯುವಂತಿದ್ದವು.

ಮೊದಲು ಬಂದವನು ರುಮಾಲು ಸುತ್ತಿದ ಒಬ್ಬ ಮುದುಕ. ಕೈಯಲ್ಲಿ ಸ್ಟೀಲಿನ ಡಬ್ಬಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಒಂದು. ದೇವದುರ್ಗದ ಕಡೆಯವನು, ಹೆಸರು ಅಮರಪ್ಪ, ರಾಯಚೂರಿನ ಗೋದಾಮಿನಲ್ಲಿ ಕಾವಲುಗಾರ. ಗೇಟಿನ ಹೊರಗೇ ನಿಂತು ಕೇಳಿದ:

"ಒಳಗ ಬರಬಹುದೇನ್ರೀ?"

"ಹಿರಿಯರಿಗೆ ಪ್ರವೇಶ ಉಂಟು."

"ಅದಕ್ಕ ಕೇಳಾಕತ್ತೀನ್ರಿ. ಹಿರೇರಿಗೆ ಮಾತ್ರ ಅಂತ ಬರದೀರಿ. ನಾವಿನ್ನಾ ಜೀವಂತ ಅದೀವಲ್ರೀ?"

ಇದನ್ನು ನಾನು ವಿನಯವೆಂದು ಭಾವಿಸಿದೆ. "ಜೀವಂತ ಇದ್ದವರಿಗೂ ಅಡ್ಡಿಯಿಲ್ಲ!" ಎಂದು ಹಾಸ್ಯ ಮಾಡಿದೆ. ಆತ ನಗಲಿಲ್ಲ. "ನಿಮಗ ಪುಣ್ಯಾ ಬರ್ಲಿ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ.

"ಹೆಸರು?"

"ನಂದೇನ್ರೀ, ಹಿರೇರದೇನ್ರೀ?"

"ಹಿರಿಯರದೇ. ಇಲ್ಲಿ ಸ್ಪಷ್ಟವಾಗಿ ಬರೆದಿದೆ."

"ಹಂಗಾದ್ರ ಸಾಬಣ್ಣ ಅಂತ ಬರ್ಕೋರ್ರಿ."

ಈತನಿಗೆ ಎರಡು ಹೆಸರಿರಬಹುದೆಂದುಕೊಂಡು ಬರೆದೆ. "ವಯಸ್ಸು?"

"ಹೋದ ವರ್ಷ ಎಂಬತ್ತೆರಡು ಇತ್ರೀ."

"ಹಾಗಾದರೆ ಈ ವರ್ಷ ಎಂಬತ್ಮೂರು," ಎಂದು ಲೆಕ್ಕ ತಿದ್ದಿದೆ.

ಅಮರಪ್ಪ ಬೆರಗಾಗಿ ನನ್ನನ್ನೇ ನೋಡಿದ. "ಅಲ್ಲೂ ವಯಸ್ಸು ಏರತದೇನ್ರೀ?"

"ವಯಸ್ಸು ಎಲ್ಲಿದ್ದರೂ ಏರುತ್ತದೆ," ಎಂದೆ, ತತ್ತ್ವಜ್ಞಾನಿಯಂತೆ.

ಆತ ಕೈಮುಗಿದು ಮುಂದೆ ನಡೆದ. ಆಮೇಲೆ ಜನ ಬಂದರು ನೋಡಿ! ಇಬ್ಬರು, ನಾಲ್ವರು, ಒಂದು ಮನೆಯ ಮಂದಿಯೇ ಒಟ್ಟಾಗಿ. ಎಲ್ಲರ ಕೈಯಲ್ಲೂ ಡಬ್ಬಿ, ಬುತ್ತಿ, ಬಾಳೆಲೆ. ಹೋಳಿಗೆ, ಬದನೆಕಾಯಿ ಪಲ್ಯ, ಕೆಲವರ ಬಳಿ ಒಂದು ಕಟ್ಟು ಬೀಡಿ. ತೋಟದಲ್ಲಿ ಊಟ ಮಾಡಲು ತಂದಿದ್ದಾರೆಂದು ನನಗೆ ಸಂತೋಷವೇ ಆಯಿತು. ನಾನು ಹೆಸರು ಕೇಳಿದೆ, ಅವರು ಹೇಳಿದರು, ನಾನು ಬರೆದೆ. ಹೆಂಗಸೊಬ್ಬಳು ಗಂಡಸಿನ ಹೆಸರು ಹೇಳಿದಳು, "ನಿಮ್ಮ ಯಜಮಾನರೇ? ಎಲ್ಲಿ?" ಎಂದರೆ, "ಬರ್ತಾರ್ರೀ, ಕತ್ಲಾಗ್ಲಿ," ಎಂದಳು. ಸರಿ, ಕೆಲಸ ಮುಗಿಸಿ ಬರುವವರಿರಬೇಕು! ವಯಸ್ಸು ಎಪ್ಪತ್ತು, ಎಂಬತ್ತು, ತೊಂಬತ್ತೊಂದು. ನನಗೆ ಹೆಮ್ಮೆಯಾಯಿತು. ರಾಯಚೂರಿನ ಬಿಸಿಲಿನಲ್ಲಿ ಇಷ್ಟು ಮಂದಿ ಇಷ್ಟು ಕಾಲ ಬದುಕಿದ್ದಾರೆ ಎಂದು ಯಾರಿಗೆ ಗೊತ್ತಿತ್ತು?

ಐವತ್ತೇಳು ಹೆಸರಾದವು. ಐವತ್ತೆಂಟನೆಯದಾಗಿ ಒಬ್ಬ ಹೆಣ್ಣುಮಗಳು ಬಂದಳು. ನಲವತ್ತೈದು ದಾಟಿರಲಿಕ್ಕಿಲ್ಲ. ಸೆರಗಿನಲ್ಲಿ ಒಂದು ಪೊಟ್ಟಣ.

"ಹೆಸರು?"

"ಮಂಜುನಾಥ."

"ವಯಸ್ಸು?"

"ಇಪ್ಪತ್ತೆರಡು."

ಒಂದು ಗಂಟೆ ಎಪ್ಪತ್ತು, ಎಂಬತ್ತು ಬರೆದು ಪಳಗಿದ ಕೈ ನಿಂತಿತು. 'ವಯಸ್ಕರು' ಎಂಬುದರ ಬದಲಿಗೆ ಈ ಪದ ಆರಿಸಿದ್ದೆ ಎಂಬುದೇ ನನಗೆ ಮರೆತುಹೋಗಿತ್ತು. ಲೇಖನಿ ಕೆಳಗಿಟ್ಟು ಗಂಭೀರವಾಗಿ ಹೇಳಿದೆ: "ಇಲ್ಲ ತಾಯಿ. ಇಪ್ಪತ್ತೆರಡಕ್ಕೆ ಹಿರಿಯರ ವರ್ಗದಲ್ಲಿ ಸೇರಿಸಲು ಬರುವುದಿಲ್ಲ. ಹುಡುಗ ತೀರ ಸಣ್ಣವನಾದ."

"ಹೌದ್ರೀ ಯಪ್ಪಾ, ಸಣ್ಣಾಂವ," ಎಂದಳು. "ದುಡಿಯಾಕ ಹೋಗಿದ್ದ. ಕಟ್ಟೋ ಮನಿ ಮ್ಯಾಲಿಂದ ಬಿದ್ದ." ನನಗೇ ತಿಳಿಸಿ ಹೇಳುವಂತೆ ಮೆತ್ತಗೆ ಅಂದಳು: "ಹೋದಮ್ಯಾಲ ಎಲ್ಲಾರೂ ಹಿರೇರ ಅಲ್ಲೇನ್ರೀ?"

ಬರೆದೆ. ಮಂಜುನಾಥ, ಇಪ್ಪತ್ತೆರಡು.

ಆಕೆ ಒಳಗೆ ಹೋದ ಮೇಲೆ ಪುಸ್ತಕದ ಮೊದಲ ಪುಟಕ್ಕೆ ತಿರುಗಿದೆ. ಸಾಬಣ್ಣ, ಎಂಬತ್ಮೂರು. ಮೆಲ್ಲಗೆ ಎಲ್ಲವೂ ನಿಚ್ಚಳವಾಯಿತು. ಈ ತನಕ ನಾನು ಐವತ್ತೆಂಟು ಮಂದಿ ಮೃತರಿಗೆ ಪ್ರವೇಶ ನೀಡಿ, ಅವರಲ್ಲಿ ಕೆಲವರ ವಯಸ್ಸನ್ನು ಒಂದೊಂದು ವರ್ಷ ಹೆಚ್ಚಿಸಿದ್ದೆ!

ಓಡಿದೆ. ತೋಟದಲ್ಲಿ ಕಂಡದ್ದನ್ನು ಏನೆಂದು ವರ್ಣಿಸಲಿ? ಒಂದೊಂದು ವೀರಗಲ್ಲಿನ ಮುಂದೆ ಒಂದೊಂದು ಕುಟುಂಬ. ಬಾಳೆಲೆಯ ಮೇಲೆ ಎಡೆ. ಕಲ್ಲಿಗೆ ಒರಗಿಸಿದ ಕಟ್ಟು ಹಾಕಿದ ಫೋಟೋಗಳು. ರೇಣುಕಾ ನೆರಳು ಬರೆಯಲು ಕಟ್ಟಿದ್ದ ಬಿಳಿ ಬಟ್ಟೆ ಯಾರಿಗೋ ಹೊಸ ಬಟ್ಟೆಯ ಎಡೆಯಾಗಿ ಕಲ್ಲಿನ ಹೆಗಲೇರಿತ್ತು. ಊರಲ್ಲಿ ಮನೆ ಬಿದ್ದು ಹೋದವರು, ಬಾಡಿಗೆಯ ಒಂದೇ ಕೋಣೆಯಲ್ಲಿ ಇರುವವರು, ಎಡೆ ಇಟ್ಟರೆ ಮಾಲೀಕನಿಗೆ ಆಗದವರು. ಯಾರೋ ಪುಣ್ಯಾತ್ಮರು ಹಿರಿಯರಿಗೆಂದೇ ಜಾಗ ಮಾಡಿಕೊಟ್ಟಿದ್ದಾರೆಂದು ಕರಪತ್ರ ನಂಬಿ ಬಂದಿದ್ದರು. ಪ್ರೆಸ್ಸಿನವನು ಅಂದ 'ಒಳ್ಳೇ ಕೆಲಸ' ಇದು!

ರೇಣುಕಾ ಕೈಯಲ್ಲಿ ಇದ್ದಲು ಹಿಡಿದು ನಿಂತಿದ್ದಳು. ಯಾರೋ ಅವಳಿಗೊಂದು ಕರಪತ್ರ ಕೊಟ್ಟಿದ್ದರು.

"ಯಪ್ಪಾ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಒಳ್ಳೆಯದಿತ್ತು. "ಕಾಗುಣಿತ ಅಷ್ಟ ನೋಡಂದಿದ್ನೆಲ್ಲ?"

"ಕಾಗುಣಿತದಲ್ಲಿ ಒಂದು ತಪ್ಪೂ ಇಲ್ಲ ಮಗಳೇ," ಎಂದೆ.

ಏಳು ಗಂಟೆಗೆ ಕಾರ್ಯದರ್ಶಿಗಳು ಬರುವವರಿದ್ದರು. ಆಗಲೇ ಆರೂವರೆ. "ಎಲ್ಲರನ್ನೂ ಎಬ್ಬಿಸಿ ಕಳಿಸಿಬಿಡೋಣ," ಎಂದೆ. "ಎಡಿ ಮುಂದ ಕುಂತವರನ್ನ ಎಬ್ಬಸ್ತಾರೇನು? ನೀ ಸುಮ್ಕಿರು," ಎಂದಳು. ಆಮೇಲೆ ಮುಖ ಒರೆಸಿಕೊಂಡು, "ಬಂದಾರಲ್ಲ. ದೊಡ್ಡೋರ ಬಂದಾರ. ಕತ್ಲಿ ಅದ, ದುರ್ಬೀನದ. ನಾ ನನ್ನ ಕೆಲಸ ಮಾಡ್ತೀನಿ," ಎಂದು ಒಂದಿಷ್ಟು ಮಂದಿಯನ್ನು ಬಂಗಲೆಯ ಹಿಂದೆ ಕರೆದುಕೊಂಡು ಹೋದಳು.

ಮೋಡ ಸರಿದಿತ್ತು. ಮೌಲಾಸಾಬ ದುರ್ಬೀನನ್ನು ಪೂರ್ವಕ್ಕೆ ತಿರುಗಿಸಿ ಉತ್ಸಾಹದಲ್ಲಿದ್ದ. ಮೊದಲು ಅಮರಪ್ಪ ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಇಟ್ಟ.

"ಹಾಂ... ಕಾಣಾಕತ್ತದ. ಯಾವ ಚುಕ್ಕಿರೀ ಇದು, ಸಾಬ್ರ?"

ಮೌಲಾಸಾಬ ವಿಜ್ಞಾನದ ಮನುಷ್ಯ. ಸುಳ್ಳು ಬಾರದು. "ಶನಿ!" ಎಂದ, ಲಡ್ಡು ಹಂಚಿದಷ್ಟು ಸಂಭ್ರಮದಿಂದ.

ಅಮರಪ್ಪ ಎರಡು ಹೆಜ್ಜೆ ಹಿಂದೆ ಹಾರಿದ. ಅವನ ಹಿಂದಿದ್ದವರು ನಾಲ್ಕು ಹೆಜ್ಜೆ. "ಅಯ್ಯಯ್ಯೋ, ಅಮಾಸಿ ದಿನ ಕರದು ಶನಿ ತೋರಸ್ತಾರಲ್ಲೋ!" ಎಂದು ಒಬ್ಬ ಮುದುಕಿ ಕೂಗಿದಳು. "ಕಣ್ಣಿಗೆ ಕಣ್ಣು ಕೂಡಸ್ಯಾನ್ರೀ, ನನಗ ಇನ್ನ ಏಳೂವರಿ ವರ್ಷ!" ಎಂದು ಅಮರಪ್ಪ ತಲೆಯ ಮೇಲೆ ಕೈಹೊತ್ತ. ಮೌಲಾಸಾಬ ಕಂಗಾಲಾಗಿ, "ನಹೀಂ ಚಾಚಾ, ಅದು ಬರೇ ಗ್ಯಾಸಿನ ಉಂಡಿ, ಅದಕ್ಕ ನೀವು ಯಾರಂತ ಗೊತ್ತಿಲ್ಲ," ಎಂದ. ಗ್ಯಾಸಿನ ಉಂಡೆ ಎಂದದ್ದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ.

ಎಲ್ಲರೂ ಕಾಲ್ತೆಗೆಯುವಾಗ ಆ ಐವತ್ತೆಂಟನೆಯ ಹೆಣ್ಣುಮಗಳು ಮುಂದೆ ಬಂದಳು. ದುರುಗಮ್ಮ ಅಂತ ಹೆಸರಂತೆ. ನಾನು ಕೇಳಿರಲಿಲ್ಲ.

"ನನಗ ಶನಿ ಇನ್ನೇನು ಮಾಡ್ತಾನ? ತೋರಸ್ರಿ," ಎಂದಳು. ಬಹಳ ಹೊತ್ತು ನೋಡಿದಳು. "ಇದಕ್ಕ ಬಳಿ ಅದಲ್ಲ?"

"ಹೌದ್ರೀ ಅಕ್ಕಾ," ಎಂದಳು ರೇಣುಕಾ. "ಹಿಮದ ಚೂರು, ಕಲ್ಲಿನ ಚೂರು. ಎಲ್ಲಾ ಸೇರಿ ಸುತ್ತ ತಿರಗತಾವ."

"ಚೂರಾದ್ರ ಕೆಳಗ ಬೀಳಂಗಿಲ್ಲೇನು?"

"ತಿರಗತಾನ ಇರ್ತಾವಲ್ರೀ, ಅದಕ್ಕ ಬೀಳಂಗಿಲ್ಲ."

"ಬೀಳಂಗಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ದುರುಗಮ್ಮ ಇನ್ನೊಮ್ಮೆ ಕಣ್ಣಿಟ್ಟಳು. ಆ ಸಂಜೆ ಕಾರ್ಯಕ್ರಮದ ಉದ್ದೇಶಕ್ಕೆ ಅನುಗುಣವಾಗಿ ನಡೆದದ್ದು ಇದೊಂದೇ. ಇದನ್ನು ನೋಡಲು ಕಾರ್ಯದರ್ಶಿಗಳು ಇರಲಿಲ್ಲ. ಅವರು ಬರುವುದರೊಳಗೆ ನಾನು ಇನ್ನೊಂದು ಸಹಾಯ ಮಾಡಬೇಕಿತ್ತಲ್ಲ!

ತೋಟದಲ್ಲಿ ಕುಳಿತವರು ಏಳುತ್ತಿಲ್ಲ ಏಕೆಂದು ಅಮರಪ್ಪನನ್ನು ವಿಚಾರಿಸಿದೆ. "ಕಾಗಿ ಮುಟ್ಟಬೇಕಲ್ರೀ," ಎಂದ. "ಕಾಗಿ ಎಡಿ ಮುಟ್ಟಿದ್ರ ಹಿರೇರು ಉಂಡಂಗ. ಕತ್ಲಾಗಿ ಕಾಗಿ ಎಲ್ಲಾ ಗೂಡು ಸೇರ್ಯಾವ. ಇನ್ನ ಬೆಳಗಾಮುಂಜಾಲಿ ಬರ್ತಾವ. ಅಲ್ಲೀತನ ಕುಂದ್ರತೀವಿ, ನಿಮಗೇನು ಅಡ್ಡಿಲ್ಲಲ್ಲ?"

ಬೆಳಗಿನ ತನಕ! ಹದಿನೈದು ನಿಮಿಷದಲ್ಲಿ ಕಾರ್ಯದರ್ಶಿ! ಇಂತಹ ಸಂದರ್ಭದಲ್ಲೇ ಆಡಳಿತಗಾರನ ಬುದ್ಧಿ ಚುರುಕಾಗುವುದು. ಹುಲ್ಲು ತುಂಬಿದ ಹಕ್ಕಿಗಳ ಗಾಜಿನ ಕಪಾಟಿನಲ್ಲಿ, ಕೆಳಗಿನ ಸಾಲಿನಲ್ಲಿ, ಒಂದು ಕಾಗೆ ಇತ್ತು. ನಿಯಮದಲ್ಲಿ ಕಾಗೆ ಮುಟ್ಟಬೇಕೆಂದಿದೆ. ಜೀವಂತ ಕಾಗೆ ಎಂದು ಎಲ್ಲಿದೆ?

ಅಮರಪ್ಪನಿಗೆ ಹೇಳಿದೆ. ಆತ ಸ್ವಲ್ಪ ಯೋಚಿಸಿ, "ಹಿರೇರೂ ಸತ್ತಾರ, ಕಾಗಿನೂ ಸತ್ತದ. ನಡೀತದೇಳ್ರಿ," ಎಂದು ಒಪ್ಪಿಗೆ ಇತ್ತ.

ಕಪಾಟು ತೆರೆದು ಕಾಗೆಯನ್ನು ತಂದೆ. ಒಂದೊಂದು ಎಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಾಗೆಯ ಕೊಕ್ಕನ್ನು ಹೋಳಿಗೆಗೆ ತಾಗಿಸಿ, ಮುಂದಿನ ಎಡೆಗೆ ಸರಿಯತೊಡಗಿದೆ. ಜನ ಕೈಮುಗಿದರು. ಒಬ್ಬೊಬ್ಬರೇ ಡಬ್ಬಿ ಕಟ್ಟತೊಡಗಿದರು. ಕೆಲಸ ಸುಸೂತ್ರವಾಗಿ ಸಾಗುತ್ತಿತ್ತು. ಏಳನೆಯ ಎಡೆಯಲ್ಲಿ ಬೆಲ್ಲದ ಪಾಕ ಧಾರಾಳವಾಗಿತ್ತು. ಕೊಕ್ಕು ಅಂಟಿಕೊಂಡಿತು. ಎಳೆದೆ. ಕಾಗೆ ಬಂತು, ತಲೆ ಬರಲಿಲ್ಲ.

ಅದೇ ಗಳಿಗೆಯಲ್ಲಿ ನನ್ನ ಹಿಂದೆ ಒಂದು ದನಿ: "ಭೇಷ್! ಐವತ್ತೆಂಟು ಜನ!"

ತಿರುಗಿದೆ. ಕಾರ್ಯದರ್ಶಿಗಳು. ಗೇಟಿನಲ್ಲಿ ಯಾರೂ ಇಲ್ಲದ್ದರಿಂದ ಹಾಜರಿ ಪುಸ್ತಕವನ್ನು ತಾವೇ ಎತ್ತಿಕೊಂಡು ಓದುತ್ತಾ ಬಂದಿದ್ದರು. ಮುಖದಲ್ಲಿ ಸಂತೋಷ. "ಬಹುತೇಕ ಎಲ್ಲರೂ ಎಪ್ಪತ್ತು ದಾಟಿದವರು! ಬೆಂಗಳೂರಲ್ಲಿ ಕೂಡ ಇಂಥ ವಯಸ್ಸಿನೋರು ಮನೆ ಬಿಟ್ಟು ಬರಲ್ಲ ಕಣ್ರೀ. ಇವರನ್ನೆಲ್ಲ ಒಂದು ಕಡೆ ಸೇರಿಸಿ, ಒಂದು ಫೋಟೋ ಆಗಲಿ."

"ಫೋಟೋ ಆಗಲೇ ಇವೆ, ಸಾರ್," ಎಂದು ವೀರಗಲ್ಲುಗಳ ಕಡೆ ಕೈ ತೋರಿಸಿದೆ. ತೋರಿಸಿದ ಕೈಯಲ್ಲಿ ತಲೆಯಿಲ್ಲದ ಕಾಗೆ ಇತ್ತು.

ಅವರು ಕಾಗೆ ನೋಡಿದರು. ಎಡೆ ನೋಡಿದರು. ಫೋಟೋಗಳನ್ನು ನೋಡಿದರು. ಪುಸ್ತಕವನ್ನು ಮತ್ತೊಮ್ಮೆ ನೋಡಿ, ಯಾರೋ ಬಿಸಿ ಪಾತ್ರೆ ಕೊಟ್ಟಂತೆ ಎರಡು ಬೆರಳಲ್ಲಿ ಹಿಡಿದುಕೊಂಡರು.

ರೇಣುಕಾ ಓಡಿ ಬಂದಳು. "ಸರ್, ಇವರ್ಯಾರೂ ನಮ್ಮ ಕಾರ್ಯಕ್ರಮಕ್ಕ ಬಂದವರಲ್ಲ. ಕರಪತ್ರದಾಗ ತಪ್ಪಾಗ್ಯದ. ತಪ್ಪು ನಂದು."

ತಪ್ಪು ನನ್ನದು ಎಂದು ಹೇಳಲು ನಾನು ಬಾಯಿ ತೆರೆದೆ. ದೇವರ ಮೇಲಾಣೆ, ತೆರೆದೆ. ಆದರೆ ಕಾಗೆಯೊಳಗಿನ ಹುಲ್ಲಿನ ಪುಡಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಕಾರ್ಯದರ್ಶಿಗಳು ಕಾರು ಹತ್ತಿದ್ದರು.

ಮನೆಗೆ ಹೋಗುವಾಗ ಆಟೋದಲ್ಲಿ ಮೂವರು ಕೂರುವ ಜಾಗದಲ್ಲಿ ನಾವಿಬ್ಬರೇ ಕುಳಿತೆವು. ನಡುವೆ ಒಬ್ಬರು ಧಾರಾಳವಾಗಿ ಕೂರಬಹುದಿತ್ತು.

ನೋಟಿಸು ಬಂತು. ಸಂರಕ್ಷಿತ ವಸ್ತುಗಳ ಮುಂದೆ ಆಹಾರ ಇಡಿಸಿದ್ದು, ಬದುಕಿಲ್ಲದವರ ಹಾಜರಿ ತೋರಿಸಿದ್ದು, ಒಂದು ಹಕ್ಕಿಯ ಶಿರಚ್ಛೇದ. ಗುತ್ತಿಗೆಯನ್ನು ಯಾಕೆ ಮುಗಿಸಬಾರದು, ಮೂರು ದಿನದಲ್ಲಿ ವಿವರಣೆ ಕೊಡಿ. ರೇಣುಕಾ ಓದಿ ಮಡಚಿಟ್ಟಳು. ಮಾನ್ವಿಯ ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದು ಎರಡು ವರ್ಷವಾಗಿತ್ತು.

"ನಾ ಬರೀಲೇನು?" ಎಂದೆ, ಬಾಗಿಲಲ್ಲಿ ನಿಂತು.

ಈರಮ್ಮ ಒಳಗಿನಿಂದ, "ಬರದದ್ದು ಸಾಲದೇನ್ರೀ?" ಎಂದಳು. ರೇಣುಕಾ ಹಾಳೆ ನನ್ನ ಕಡೆ ತಳ್ಳಿದಳು. ಕಚೇರಿಯ ಕನ್ನಡ ಮನೆಯಲ್ಲಿ ಇನ್ನಾರಿಗೂ ಬರುತ್ತಿರಲಿಲ್ಲ. ಅದು ನನ್ನ ಮೇಲಿನ ನಂಬಿಕೆಯಲ್ಲ, ನಿರುಪಾಯ.

ಬರೆದೆ. ನನ್ನ ಇಡೀ ಸೇವೆಯಲ್ಲಿ ಅಂತಹ ಪತ್ರ ಬರೆದಿರಲಿಲ್ಲ. "ಸದರಿ ಕರಪತ್ರವನ್ನು ತಿದ್ದಿದವರು ಕನ್ನಡ ಭಾಷೆಯ ದಿನಬಳಕೆಯ ಅರ್ಥಗಳ ಪರಿಚಯವಿಲ್ಲದ ಖಾಸಗಿ ವ್ಯಕ್ತಿಯೊಬ್ಬರಾಗಿದ್ದು, ತಮಗೆ ವಹಿಸದ ಕೆಲಸವನ್ನು ತಾವೇ ಮೈಮೇಲೆ ಹಾಕಿಕೊಂಡಿರುತ್ತಾರೆ. ಮೇಲ್ವಿಚಾರಕಿಯವರ ಪಾತ್ರ ಇದರಲ್ಲಿ ಏನೂ ಇರುವುದಿಲ್ಲ. ಕಾಗೆಯ ತಲೆಯು ದೇಹದಿಂದ ಬೇರ್ಪಟ್ಟಿರುವುದು ಸತ್ಯ. ಆದರೆ ಸದರಿ ಕಾಗೆಯು ಘಟನೆಗೆ ಮೊದಲೇ ಮೃತಪಟ್ಟಿತ್ತು. ಒಬ್ಬ ವಯಸ್ಕ ಮಹಿಳೆ ಶನಿಗ್ರಹದ ಬಳೆಯ ಬಗ್ಗೆ ಎರಡು ಪ್ರಶ್ನೆ ಕೇಳಿದ್ದು, ಮೇಲ್ವಿಚಾರಕಿಯವರು ತೃಪ್ತಿಕರವಾಗಿ ಉತ್ತರಿಸಿರುತ್ತಾರೆ. ಈ ಸಂಜೆಯ ಉದ್ದೇಶ ಅಷ್ಟೇ ಆಗಿತ್ತು."

ರೇಣುಕಾ ಓದಿದಳು. ಕೊನೆಯ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದಳು.

ಹತ್ತು ದಿನದ ನಂತರ ಉತ್ತರ ಬಂತು. ವಿವರಣೆ ಒಪ್ಪಲಾಗಿದೆ. ಗುತ್ತಿಗೆ ಆರು ತಿಂಗಳು ಮುಂದುವರಿದಿದೆ. ಷರತ್ತು ಎರಡು. ಒಂದು: ಮೇಲ್ಕಾಣಿಸಿದ ಖಾಸಗಿ ವ್ಯಕ್ತಿಯನ್ನು ಇನ್ನು ಮುಂದೆ ಸಂಗ್ರಹಾಲಯದ ಆವರಣದೊಳಗೆ ಬಿಡಕೂಡದು. ಎರಡು: ವಿವರಣೆಯ ಭಾಷೆ ಬಹಳ ಸ್ಪಷ್ಟವಾಗಿದೆ, ಮುಂದಿನ ಕರಪತ್ರಗಳನ್ನೆಲ್ಲ ಅದನ್ನು ಬರೆದವರಿಂದಲೇ ಬರೆಸತಕ್ಕದ್ದು.

ಹೀಗಾಗಿ ನಾನು ಒಂದೇ ಪತ್ರದಲ್ಲಿ ನೇಮಕವೂ ಆದೆ, ಗಡಿಪಾರೂ ಆದೆ.

ಈಗ ಮನೆಯಲ್ಲೇ ಕುಳಿತು ಬರೆಯುತ್ತೇನೆ. ಬರೆದದ್ದು ನೇರವಾಗಿ ಪ್ರೆಸ್ಸಿಗೆ ಹೋಗುವುದಿಲ್ಲ. ರೇಣುಕಾ ಅದನ್ನು ಒಲೆಯ ಮುಂದೆ ಒಯ್ದು ಅವಳ ಅವ್ವನಿಗೆ ಓದಿ ಹೇಳುತ್ತಾಳೆ. ಆಕೆ ಹೂಂ ಅಂದರೆ ಮಾತ್ರ ಮುಂದಿನ ಕ್ರಮ. ಈರಮ್ಮ ಓದಿದ್ದು ಎರಡನೆಯ ತರಗತಿ. ಮೊನ್ನೆ ನನ್ನ ಒಂದು ಇಡೀ ಸಾಲನ್ನು ಇದ್ದಲಿನ ಕೈಯಲ್ಲೇ ಹೊಡೆದು ಹಾಕಿದಳು.

"ಇದರಾಗ ಏನೂ ಇಲ್ಲಲ್ರೀ," ಎಂದಳು.

ಕನ್ನಡಕ ಹಾಕಿಕೊಂಡು ಆ ಸಾಲನ್ನು ಮತ್ತೆ ಓದಿದೆ. ಇರಲಿಲ್ಲ.